ಕುತ್ತಿಗೆಯ ಟವೆಲ್ಲು

ಬಳ್ಳಾರಿಯ ಪಾರ್ವತಿನಗರದ ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ದಪ್ಪಕ್ಷರ, ಕೆಳಗೆ ದುಃಖತಪ್ತರ ಸಾಲು ಮುಖಗಳು, ನಡುವೆ ಆತ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಒಂದು ತೋಳು ಉಬ್ಬಿಸಿ, ಇನ್ನೊಂದು ಕೈಯಲ್ಲಿ ಮೈ ಬೆಳೆಸುವ ಪುಡಿಯ ಡಬ್ಬಿ ಹಿಡಿದು ನಗುತ್ತಿದ್ದಾನೆ. ಸತ್ತ ಮೇಲಾದರೂ ಆ ಡಬ್ಬಿಯನ್ನು ಕೈಯಿಂದ ಬಿಡಿಸೋಣ ಎಂದು ಯಾರಿಗೂ ಅನ್ನಿಸಿಲ್ಲ. ಅದು ಎಲ್ಲಿ ಸಿಗುತ್ತದೆ ಎನ್ನುವ ವಿಳಾಸವೂ ಪಕ್ಕದಲ್ಲೇ ಇದೆ. ಕುರುಗೋಡಿನ ನನ್ನ ಶಾಲೆಗೆ ಬಸ್ಸು ಹಿಡಿಯಲು ನಾನು ದಿನಾ ಅದರ ಕೆಳಗೇ ಹೋಗಬೇಕು. ದಿನಾ ಹೇಸಿಗೆಯಾಗುತ್ತದೆ.

ಬದುಕಿದ್ದಾಗಲೂ ಆತನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಊರೆಲ್ಲ ಆತನನ್ನು ಉಸ್ತಾದ್ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆತನ ಜಿಮ್ಮು. ಮೆಟ್ಟಿಲು ಹತ್ತುವಾಗಲೇ ರಬ್ಬರು, ಬೆವರು, ಬೆಂದ ಮೊಟ್ಟೆ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆತನ ಮನೆ ಶೈವರ ಮನೆ, ಅಲ್ಲಿ ಮೊಟ್ಟೆ ಒಡೆಯುವ ಹಾಗಿರಲಿಲ್ಲ. ಅದಕ್ಕೇ ಜಿಮ್ಮಿನ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ ಒಲೆ ಇಟ್ಟುಕೊಂಡಿದ್ದ. ಬೆಂದ ಮೊಟ್ಟೆಯನ್ನು ಹೆಬ್ಬೆರಳಿನಿಂದ ಸೀಳಿ, ಬಿಳಿಯದನ್ನು ಬಾಯಿಗೆ ಹಾಕಿಕೊಂಡು, ಹಳದಿಯನ್ನು ಪ್ಯಾರಾಪೆಟ್ಟಿನ ಮೇಲೆ ಒರೆಸಿಬಿಡುತ್ತಿದ್ದ. ಬಳ್ಳಾರಿಯ ಬಿಸಿಲಿಗೆ ಅದು ಅಲ್ಲೇ ಒಣಗಿ ಹಕ್ಕಳೆಗಟ್ಟಿತ್ತು. ಅದನ್ನು ನೋಡಿದ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಇಂಥ ಜಾಗಕ್ಕೆ ನನ್ನಂಥವಳು ಹೋದದ್ದು ಸೊಂಟ ಸಣ್ಣಗಾಗಲಿ ಎಂದಲ್ಲ. ನಮ್ಮ ಮನೆಯವರಿಗೆ ಲಕ್ವಾ ಹೊಡೆದು ಬಲಗಡೆ ಮೈ ಬಿದ್ದುಹೋಗಿತ್ತು. ಕಾಲೇಜಿನಲ್ಲಿ ಪಾಠ ಹೇಳಿದ ಗಟ್ಟಿ ಗಂಟಲಿನ ಮನುಷ್ಯ. ಸಂಜೆಯಾದರೆ ಮನೆ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ಹೋಗಿ ಬರುವವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದವರು. ಈಗ ಬಾಯಲ್ಲಿ ಎಣಿಸಿದಷ್ಟು ಮಾತು. ಅದರಲ್ಲಿ ಸ್ಪಷ್ಟವಾಗಿ ಬರುತ್ತಿದ್ದದ್ದು ‘ಬಾಗ್ಲಾ’. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಅವರನ್ನು ಎತ್ತಬೇಕು, ಎತ್ತುವ ಮೊದಲು ಬಾಗಿಲು ಹಾಕಬೇಕು. ಹೆಂಡತಿ ತನ್ನನ್ನು ಹೊರುವುದನ್ನು ಯಾರೂ ನೋಡಕೂಡದು. ಹಗಲಿಗೆ ಬರುತ್ತಿದ್ದ ನನ್ನ ನಾದಿನಿಯೂ ಆ ಹೊತ್ತಿಗೆ ಅಡುಗೆಮನೆಗೆ ಹೋಗಬೇಕಿತ್ತು. ಕಟ್ಟೆಯ ಕುರ್ಚಿಯನ್ನು ಅವರೇ ಸನ್ನೆ ಮಾಡಿ ಒಳಗೆ ಇಡಿಸಿದ್ದರು.

ಐವತ್ತು ದಾಟಿದ ನನಗೆ ನೆಲದ ಮೇಲಿಂದ ಏಳಲಿಕ್ಕೇ ಗೋಡೆಯ ಆಸರೆ ಬೇಕಿತ್ತು. ಒಂದು ದಿನ ಅವರನ್ನು ಎತ್ತಲು ಹೋಗಿ ಇಬ್ಬರೂ ಬಿದ್ದೆವು. ಬಾಗಿಲು ಹಾಕಿತ್ತು, ಕೂಗಿದರೆ ಯಾರಾದರೂ ಬಂದಾರೆಂದು ಅವರು ಎಡಗೈಯಿಂದ ನನ್ನ ಬಾಯಿ ಮುಚ್ಚಿದರು. ಬಿದ್ದ ನೋವಿಗಿಂತ ಆ ಕೈ ನನ್ನನ್ನು ಹೆಚ್ಚು ನೋಯಿಸಿತು. ಮರುದಿನ ಸಂಜೆ ಜಿಮ್ಮಿನ ಮೆಟ್ಟಿಲು ಹತ್ತಿದೆ.

ಹೆಂಗಸರ ಪಾಳಿ ಸಂಜೆ ಇರುತ್ತಿತ್ತು. ಆ ಹೊತ್ತಿಗೆ ಉಸ್ತಾದ್ ಗೋಡೆಯುದ್ದದ ಕನ್ನಡಿಗೆ ಹಳೇ ಚಾದರ ಇಳಿಬಿಡುತ್ತಿದ್ದ. ಕನ್ನಡಿ ನೋಡುವವರು ಎತ್ತುವುದಿಲ್ಲ ಎನ್ನುವುದು ಆತನ ಮಾತು. ಗಂಡಸರ ಪಾಳಿಯಲ್ಲಿ ಮಾತ್ರ ಚಾದರ ಯಾಕೆ ಇರುವುದಿಲ್ಲ ಎಂದು ನಾನು ಕೇಳಿದಾಗ, ಅವರು ಬರುವುದೇ ಕನ್ನಡಿಗೆ ಎಂದ. ಇದನ್ನು ಹೇಳಿದ ಆತನೇ ನಾವೆಲ್ಲ ಇಳಿದುಹೋದ ಮೇಲೆ ಚಾದರ ಸರಿಸಿ, ಎದೆಯನ್ನು ಒಂದೊಂದೇ ಕಡೆ ಕುಣಿಸಿ ನೋಡಿಕೊಳ್ಳುತ್ತಿದ್ದದ್ದನ್ನು ಕೊಡೆ ಮರೆತು ವಾಪಸು ಹೋದ ದಿನ ನಾನು ಕಣ್ಣಾರೆ ಕಂಡಿದ್ದೇನೆ. ಆಗಲೂ ಕುತ್ತಿಗೆಯ ಮೇಲೆ ಟವೆಲ್ಲಿತ್ತು. ಬೇಸಿಗೆಯಿರಲಿ, ಮೈಯೆಲ್ಲ ಬೆವರು ಇಳಿಯುತ್ತಿರಲಿ, ಹಿಂಗತ್ತು ಮುಚ್ಚುವ ಹಾಗೆ ಒಂದು ನೀಲಿ ಟವೆಲ್ಲು ಸದಾ ಇರುತ್ತಿತ್ತು. ಅದೇ ಟವೆಲ್ಲಿನಿಂದ ಮುಖ, ಕಂಕುಳು, ಕಬ್ಬಿಣದ ರಾಡು ಎಲ್ಲ ಒರೆಸುತ್ತಿದ್ದ. ನಾನು ನನ್ನ ರಾಡಿಗೆ ಮನೆಯಿಂದ ಬಟ್ಟೆ ಒಯ್ಯುತ್ತಿದ್ದೆ.

ಯಾಕೆ ಬಂದೆ ಎಂದು ಹೇಳಿದಾಗ ಆತ ಅಯ್ಯೋ ಪಾಪ ಎನ್ನಲಿಲ್ಲ. ಯಜಮಾನರು ಎಷ್ಟು ತೂಕ ಇದ್ದಾರೆ ಎಂದು ಕೇಳಿದ, ಧಾನ್ಯದ ತೂಕ ಕೇಳಿದ ಹಾಗೆ. ನನಗೆ ಮೈ ಉರಿಯಿತು. ಮರುದಿನ ಒಂದು ಗೋಣಿಚೀಲಕ್ಕೆ ಉಸುಕು ತುಂಬಿ, ಬಾಯಿ ಹೊಲಿದು ನನ್ನ ಮುಂದೆ ನಿಲ್ಲಿಸಿದ.

“ಇದ ನಿಮ್ಮ ಯಜಮಾನ್ರು ಅಂತ ತಿಳ್ಕೊಳ್ರಿ ಅಕ್ಕೋರ. ಎಳದ್ರ ಬರಂಗಿಲ್ಲ. ತಬ್ಕೊಳ್ರಿ. ಎದೀಗೆ ಹತ್ತಿದ ಮ್ಯಾಲ ನಡಾ ಬಗ್ಗಿಸದಂಗ ತೊಡಿ ಮ್ಯಾಲ ಏಳ್ರಿ.”

ನಾಲ್ಕು ಜನ ಹೆಂಗಸರ ಮುಂದೆ ಗೋಣಿಚೀಲವನ್ನು ತಬ್ಬಿಕೊಂಡು ನಾನು ಕುಂತೆ, ಎದ್ದೆ. ಆತ ಎಣಿಸಿದ. ಒಂದು ಎನ್ನಲಿಲ್ಲ, ಲಾಭ ಎಂದ. ಆಮೇಲೆ ಎರಡು, ಮೂರು. ಕಣದಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಬಸ್ಕಿ ಹೊಡೆಸುವವರು ಹಾಗೆ ಎಣಿಸಿದ್ದನ್ನು ಮಾತ್ರ ಕೇಳಿರಲಿಲ್ಲ. ವಿಚಾರಿಸಿದರೆ, ಕುರುಗೋಡಿನ ಗರಡಿಯಲ್ಲಿ ತಮ್ಮ ಗುರುಗಳು ಹೀಗೇ ಕಲಿಸಿದ್ದು ಎಂದು ಎದೆ ಉಬ್ಬಿಸಿ ಹೇಳಿದ.

ಕಲಿಸುವುದರಲ್ಲಿ ಮಾತ್ರ ಆತ ಮೋಸ ಮಾಡಲಿಲ್ಲ. ವಾರಕ್ಕೊಮ್ಮೆ ಚೀಲದ ಹೊಲಿಗೆ ಬಿಚ್ಚಿ ಒಂದೆರಡು ಬೊಗಸೆ ಉಸುಕು ಹಾಕುತ್ತಿದ್ದ, ಅಷ್ಟೇ. ಇನ್ನಷ್ಟು ಹಾಕು ಎಂದರೂ ಹಾಕುತ್ತಿರಲಿಲ್ಲ. ನಾನು ಒಂದು ದಿನ ತಪ್ಪಿಸಿದರೆ ಮರುದಿನ ಸುಮ್ಮನೆ ಉಸುಕು ತೆಗೆದು ಹಿಂದಿನ ವಾರದ ಭಾರಕ್ಕೆ ತಂದು ನಿಲ್ಲಿಸುತ್ತಿದ್ದ. ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು ಎಂದರೆ, “ಮೈಗೆ ನೆನಪು ಕಮ್ಮಿರೀ. ದಿನಾ ಹೇಳ್ಬೇಕು,” ಎನ್ನುತ್ತಿದ್ದ. ಇಪ್ಪತ್ತು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿದ ನನಗೆ ಆ ಮಾತು ಸರಿ ಎನ್ನಿಸಿತು, ಹೇಳಿದ ಬಾಯಿ ಹಿಡಿಸದಿದ್ದರೂ.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಗೋಡೆ ಹಿಡಿಯದೆ ನೆಲದಿಂದ ಎದ್ದೆ. ದಸರೆಯ ಹೊತ್ತಿಗೆ ನಮ್ಮ ಮನೆಯವರನ್ನು ತಬ್ಬಿ, ಅವರ ಎಡಗೈಯನ್ನು ನನ್ನ ಕುತ್ತಿಗೆಗೆ ಹಾಕಿಕೊಂಡು, ಲಾಭ ಎಂದು ಎತ್ತಿ ಕುರ್ಚಿಯಲ್ಲಿ ಕೂಡಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಬಾಗಿಲು ಹಾಕಿಯೇ ಇತ್ತು.

ಇಷ್ಟು ಮಾಡಿಸಿದವನ ಬಗ್ಗೆ ಹೇಸಿಗೆ ಯಾಕೆ ಎಂದು ನೀವು ಕೇಳಬಹುದು. ಡಬ್ಬಿಗೆ ಬರುತ್ತೇನೆ.

ಆ ಪುಡಿ ಮಾರುವ ಏಜೆಂಟನೊಬ್ಬ ಬಳ್ಳಾರಿಯಲ್ಲಿದ್ದ. ಕೂದಲಿಗೆ ಬಣ್ಣ ಹಚ್ಚಿ, ಮಾತಿಗೊಮ್ಮೆ ಬ್ರದರ್ ಎನ್ನುವವನು. ಉಸ್ತಾದನ ಫೋಟೋ ಡಬ್ಬಿಯ ಮೇಲೆ ಬಂತು, ಜಿಮ್ಮಿನ ಬಾಗಿಲಲ್ಲಿ ಡಬ್ಬಿಗಳ ಗೋಪುರವೇ ನಿಂತಿತು. ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಸಿರುಗುಪ್ಪ, ತೆಕ್ಕಲಕೋಟೆ ಕಡೆಯಿಂದೆಲ್ಲ ಬಂದು ಬಂದು ಒಯ್ದರು. ಉಸ್ತಾದ್ ಆ ಹುಡುಗರ ಮುಂದೆ ತೋಳು ತಟ್ಟಿ, ಇದೆಲ್ಲ ಈ ಡಬ್ಬಿಯದು ಎನ್ನುತ್ತಿದ್ದ. ಎರಡು ವರ್ಷ ಆತನನ್ನು ದಿನಾ ನೋಡಿದವಳು ನಾನು. ಒಂದು ಚಮಚ ಪುಡಿ ಆತನ ಬಾಯಿಗೆ ಹೋದದ್ದನ್ನು ನೋಡಿಲ್ಲ. ನಮ್ಮ ಪಾಳಿ ಮುಗಿದ ಮೇಲೆ ತಾನೇ ಆ ಉಸುಕಿನ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಕೆಳಗಿನಿಂದ ಮಾಳಿಗೆಯವರೆಗೆ ಹತ್ತಿ ಇಳಿಯುತ್ತಿದ್ದ. ಜ್ವರ ಬಂದರೂ ಬಿಡುತ್ತಿರಲಿಲ್ಲ. ಆತನ ಮೈ ಎಲ್ಲಿಂದ ಬಂತೆಂದು ಆ ಮೆಟ್ಟಿಲಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಪಾಳಿಯ ಒಬ್ಬಳ ಮೈದುನ ಆ ಡಬ್ಬಿಯನ್ನೇ ನಂಬಿ ಕುಡಿದ, ವ್ಯಾಯಾಮಕ್ಕೆ ಮನಸ್ಸು ಬಂದಾಗ ಬಂದ. ಮುಖ ದಪ್ಪಗಾಯಿತು. ಮೈ ಕೂಡುತ್ತಿದೆ ಎಂದು ಮನೆಯವರು ಖುಷಿಪಟ್ಟರು. ಅದು ಬಾವು ಎಂದು ತಿಳಿಯುವಷ್ಟರಲ್ಲಿ ಆಸ್ಪತ್ರೆ ಸೇರಿದ್ದ. ಡಾಕ್ಟರು ಆ ಪುಡಿಯನ್ನು ಮೊದಲು ಚರಂಡಿಗೆ ಹಾಕಿ ಎಂದರಂತೆ. ಜೀವ ಉಳಿಯಿತು, ಪೊಲೀಸ್ ಕೆಲಸದ ಆಸೆ ಹೋಯಿತು. ಆಕೆ ಜಿಮ್ಮಿಗೆ ಬರುವುದನ್ನು ಬಿಟ್ಟಳು. ಡಬ್ಬಿಗಳ ಗೋಪುರ ಅಲ್ಲೇ ನಿಂತಿತ್ತು.

ಅದೇ ವಾರ ಕುರುಗೋಡಿನಲ್ಲಿ ಗರಡಿ ನೋಡಿಕೊಳ್ಳುವ ಮುದುಕರೊಬ್ಬರು ಮೊಮ್ಮಗಳನ್ನು ನಮ್ಮ ಶಾಲೆಗೆ ಬಿಡಲು ಬಂದಿದ್ದರು. ನಿಮ್ಮ ಶಿಷ್ಯರೊಬ್ಬರು ಬಳ್ಳಾರಿಯಲ್ಲಿ ದೊಡ್ಡ ಹೆಸರು ಮಾಡಿದ್ದಾರಲ್ಲ ಎಂದು ಫೋಟೋ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ಈ ಮನುಷ್ಯ ತಮ್ಮ ಗರಡಿಯ ಮಣ್ಣನ್ನೇ ಮುಟ್ಟಿಲ್ಲ ಎಂದರು. ಬಸ್ಸಿನಲ್ಲಿ ಬಳ್ಳಾರಿ ಬರುವತನಕ ಅದೇ ಯೋಚನೆ. ಡಬ್ಬಿಯೂ ಸುಳ್ಳು, ಗರಡಿಯೂ ಸುಳ್ಳು. ಹಾಗಾದರೆ ನನಗೆ ಎತ್ತುವುದನ್ನು ಕಲಿಸಿದವನು ಯಾರು?

ನೇರವಾಗಿ ಮಾಳಿಗೆ ಹತ್ತಿದೆ. ಆತ ಟ್ಯಾಂಕಿನ ಪಕ್ಕ ನನಗೆ ಬೆನ್ನು ಮಾಡಿ ಕುಂತು ಮೊಟ್ಟೆ ಸುಲಿಯುತ್ತಿದ್ದ. ಟವೆಲ್ಲು ಒಗೆದು ತಂತಿಯ ಮೇಲೆ ಒಣಹಾಕಿತ್ತು. ಅವತ್ತೇ ಮೊದಲ ಸಲ ನಾನು ಆತನ ಹಿಂಗತ್ತು ನೋಡಿದ್ದು. ಕತ್ತು ಬೆನ್ನಿಗೆ ಕೂಡುವಲ್ಲಿ, ಅಂಗೈಯಷ್ಟು ಅಗಲಕ್ಕೆ, ಚರ್ಮ ಕಪ್ಪಾಗಿ ದಪ್ಪಗಟ್ಟಿ ಉಬ್ಬಿ ನಿಂತಿತ್ತು. ಎತ್ತಿನ ಹೆಗಲ ಮೇಲೆ ನೊಗ ತಿಕ್ಕಿದಲ್ಲಿ ಇರುತ್ತದಲ್ಲ, ಹಾಗೆ. ಸಿರುಗುಪ್ಪದ ದಾರಿಯಲ್ಲಿ ಲಾರಿಗೆ ಭತ್ತ ತುಂಬುವವರ ಕತ್ತಿನ ಮೇಲೆ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನ ಹೆಜ್ಜೆ ಕೇಳಿದ್ದೇ ಆತ ಗಡಬಡಿಸಿ ಎದ್ದು ಹಸಿ ಟವೆಲ್ಲನ್ನೇ ಎಳೆದು ಮುಚ್ಚಿಕೊಂಡ.

ನಾನು ಗರಡಿಯ ಮುದುಕರು ಹೇಳಿದ್ದನ್ನೂ, ಆಸ್ಪತ್ರೆಯಲ್ಲಿ ಮಲಗಿದವನ ವಿಷಯವನ್ನೂ ಒಟ್ಟಿಗೇ ಆತನ ಮುಖಕ್ಕೆ ಹೇಳಿದೆ. ಆತ ಮೊಟ್ಟೆಯ ಸಿಪ್ಪೆಯನ್ನು ಕಾಲಿನಿಂದ ಒತ್ತಿದ. ಆಮೇಲೆ ತಾನು ಯಾರೆಂದು ಹೇಳಿದ. ಹಚ್ಚೊಳ್ಳಿಯವನು, ಮೀಸೆ ಚಿಗುರುವ ಮೊದಲೇ ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಹಮಾಲಿಗೆ ಹೋದವನು. ಅರ್ಧ ಆಯುಷ್ಯ ಚೀಲ ಹೊತ್ತಿದ್ದ. ಲಾಭ ಎಂದು ಎಣಿಸುವುದನ್ನು ಕಲಿತದ್ದು ಅಲ್ಲೇ, ಚೀಲವನ್ನು ತಬ್ಬಿ ಏಳುವುದನ್ನು ಕಲಿತದ್ದೂ ಅಲ್ಲೇ.

“ಹಮಾಲ ಅಂದ್ರ ಯಾರ್ ಬರ್ತಾರ್ರೀ ನನ್ನ ಹತ್ರ ಕಲಿಯಾಕ? ಹತ್ತು ವರ್ಷ ಹೊರಬೇಕಪ್ಪಾ ಅಂದ್ರ ಹುಡುಗ್ರು ಮೆಟ್ಟಲಾ ಇಳಿದು ಹೊಕ್ಕಾರ. ಡಬ್ಬಿ ತೋರಿಸಿದ್ರ ನಿಂದರ್ತಾರ.”

“ನಿಂತವನು ಆಸ್ಪತ್ರೆಯಲ್ಲಿದ್ದಾನೆ,” ಎಂದೆ.

ಆತ ಹಮಾಲಿಯ ಮಾತನ್ನು ಯಾರಿಗೂ ಹೇಳಬೇಡಿ ಎಂದು ಕೈ ಮುಗಿದ. ಒಬ್ಬನನ್ನು ಹಾಸಿಗೆ ಹಿಡಿಸಿದ್ದಕ್ಕೆ ಕೈ ಮುಗಿಯಲಿಲ್ಲ, ಚೀಲ ಹೊತ್ತದ್ದಕ್ಕೆ ಮುಗಿದ. ಇಡೀ ಮನುಷ್ಯನಲ್ಲಿ ನಿಜ ಎನ್ನುವುದು ಅಂಗೈಯಗಲ ಇತ್ತು, ಅದನ್ನೇ ಮುಚ್ಚಿಕೊಂಡು, ಉಳಿದ ಮೈಗೆ ಎಣ್ಣೆ ಹಚ್ಚಿ ತೋರಿಸುತ್ತಿದ್ದ. ಅವತ್ತಿನಿಂದ ಜಿಮ್ಮಿಗೆ ಹೋಗಲಿಲ್ಲ. ಮನೆಯಲ್ಲೇ ಒಂದು ಗೋಣಿಚೀಲಕ್ಕೆ ಉಸುಕು ತುಂಬಿಕೊಂಡೆ. ದಿನಾ ಎತ್ತಿದೆ, ಒಂದು ದಿನವೂ ಬಿಡಲಿಲ್ಲ. ಆತನ ಮೇಲಿನ ಸಿಟ್ಟಿಗಾದರೂ ಬಿಡಬಾರದು ಎನ್ನಿಸುತ್ತಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಆತ ಹಲ್ಲುಜ್ಜುತ್ತ ಕುಸಿದನಂತೆ. ಎದ್ದಿದ್ದೇ ಇಲ್ಲ. ಹಚ್ಚೊಳ್ಳಿಗೆ ಒಯ್ದಿದ್ದಾರೆಂದು ತಿಳಿದು ನಮ್ಮ ಪಾಳಿಯ ಹೆಂಗಸರು ಹೊರಟರು. ನಾನು ಹೋಗುವುದಿಲ್ಲ ಎಂದುಕೊಂಡೇ ಸೀರೆ ಬದಲಿಸಿದೆ.

ಅವರ ಪದ್ಧತಿಯ ಹಾಗೆ ಹೆಣವನ್ನು ಮನೆ ಮುಂದೆ ಬೆಂಚಿನ ಮೇಲೆ ಕುಂತ ಭಂಗಿಯಲ್ಲಿ ಇಟ್ಟಿದ್ದರು. ಕುತ್ತಿಗೆಯ ಮೇಲೆ ಆ ನೀಲಿ ಟವೆಲ್ಲು. ಯಾರೋ ಗೊತ್ತಿದ್ದವರೇ ಹಾಕಿರಬೇಕು. ಏಜೆಂಟ್ ಬಂದಿದ್ದ. ಬಳ್ಳಾರಿಯಿಂದ ವಾಹನ ಮಾಡಿಸಿದವನು ಅವನೇ, ಹೂವು ತರಿಸಿದವನು ಅವನೇ, ಹಾಗಾಗಿ ಓಡಾಟವೂ ಅವನದೇ. ಮೈ ತೊಳೆಯುವ ಮೊದಲು ಚೀಲದಿಂದ ಒಂದು ಹೊಸ ಟೀ ಶರ್ಟು ತೆಗೆದ. ಎದೆಯ ಮೇಲೆ ಡಬ್ಬಿಯ ಚಿತ್ರ. ಸ್ನಾನವಾದ ಮೇಲೆ ಇದನ್ನು ಹಾಕಿಸಿ, ಹಾರ ಹಾಕಿಸಿ, ಒಂದು ಫೋಟೋ ಬೇಕು ಎಂದ. ಉಸ್ತಾದರ ಕಡೇ ಆಸೆ ಅದೇ ಆಗಿತ್ತು ಎಂದೂ ಸೇರಿಸಿದ. ಜಿಮ್ಮಿನ ಹುಡುಗರು ಟೀ ಶರ್ಟು ಕೈಗೆ ತೆಗೆದುಕೊಂಡರು. ಆತನ ಅಣ್ಣತಮ್ಮಂದಿರು ಬಳ್ಳಾರಿಯವರ ರೀತಿ ಹೀಗೇ ಇರಬಹುದೆಂದು ಸುಮ್ಮನಿದ್ದರು. ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೆ ಆತ ಕೈ ಮುಗಿದದ್ದು ನೆನಪಾಗಿ ಹಲ್ಲು ಕಚ್ಚಿ ನಿಂತೆ.

ಬೇವಿನ ಗಿಡದ ಕೆಳಗೆ ಏಳೆಂಟು ಮುದುಕರು ಬೇರೆಯಾಗಿ ನಿಂತಿದ್ದರು. ಸಿರುಗುಪ್ಪದಿಂದ ಬಂದ ಮಿಲ್ಲಿನವರು. ಅವರ ಕತ್ತುಗಳ ಮೇಲೆ ಟವೆಲ್ಲು ಇರಲಿಲ್ಲ. ಎಲ್ಲರಿಗೂ ಆ ಕಪ್ಪು ಉಬ್ಬು ಇತ್ತು.

ಆತನ ಹೆಂಡತಿ ನೀರಿನ ತಂಬಿಗೆ ಹಿಡಿದು ಎದ್ದಳು. ನಾನು ಆಕೆಯನ್ನು ಅವತ್ತೇ ಮೊದಲು ನೋಡಿದ್ದು. ಸಣ್ಣ ಆಳು, ಅತ್ತು ಅತ್ತು ಧ್ವನಿ ಇಂಗಿಹೋಗಿತ್ತು. ಟೀ ಶರ್ಟು ಹಿಡಿದಿದ್ದ ಹುಡುಗನ ಮುಂದೆ ಹೋಗಿ ನಿಂತಳು.

“ಅದನ್ನ ಒಯ್ರಿ. ಈ ಟವೆಲ್ಲೂ ತಗೀರಿ. ಜೀವ ಇರೋತನ ಮುಚ್ಚಿಕೊಂಡ. ಇನ್ನ ಯಾರಿಗೆ ಅಂಜಬೇಕು?”

ಯಾರೂ ಅಲ್ಲಾಡಲಿಲ್ಲ. ಆಕೆಯೇ ಟವೆಲ್ಲು ಎಳೆದು ಬದಿಗೆ ಹಾಕಿದಳು. ಜಿಮ್ಮಿನ ಹುಡುಗರು ಆ ಉಬ್ಬನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಜೆಂಟ್ ಫೋನು ಕೆಳಗಿಳಿಸಿದ. ಆಕೆ ಆ ಉಬ್ಬಿನ ಮೇಲೆ ನೀರು ಹಾಕಿ, ಅಂಗೈಯಿಂದ ನಿಧಾನವಾಗಿ ತೊಳೆದಳು. ಆಮೇಲೆ ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಹಚ್ಚುವಾಗ ಅಲ್ಲೂ ಮೂರು ಬೆರಳು ಎಳೆದಳು. ಕಪ್ಪು ಚರ್ಮದ ಮೇಲೆ ಬಿಳಿ ಪಟ್ಟೆ ಎದ್ದು ಕಾಣುತ್ತಿತ್ತು. ನಾನು ಅಲ್ಲಿಯತನಕ ಅತ್ತಿರಲಿಲ್ಲ.

ಎತ್ತುವ ಹೊತ್ತಿಗೆ ಹುಡುಗರು ಮುಂದೆ ಬಂದರು. ಕುಂತ ಹೆಣವನ್ನು ಎಲ್ಲಿ ಹಿಡಿಯಬೇಕೆಂದೇ ಅವರಿಗೆ ತಿಳಿಯಲಿಲ್ಲ, ಎಳೆದಾಡಿದರು. ಗಿಡದ ಕೆಳಗಿನವರು ಬಂದು ಅವರನ್ನು ಸರಿಸಿ, ಎದೆಗೆ ಹತ್ತಿಸಿ ತಬ್ಬಿಕೊಂಡರು. ಅವರಲ್ಲೊಬ್ಬ ಲಾಭ ಎಂದ. ಉಸ್ತಾದ್ ಮೇಲೆದ್ದ.

ಮನೆಗೆ ಬಂದಾಗ ಇಳಿಹೊತ್ತು. ಸ್ನಾನ ಮಾಡಿ ಬಂದು ನಮ್ಮ ಮನೆಯವರನ್ನು ಎತ್ತಲು ಹೋದೆ. ಅವರು ಎಂದಿನಂತೆ ಬಾಗ್ಲಾ ಎಂದರು. ನಾನು ಹೋಗಿ ಬಾಗಿಲನ್ನು ಪೂರಾ ತೆರೆದೆ. ಒಳಗಿಟ್ಟಿದ್ದ ಕುರ್ಚಿಯನ್ನು ಧೂಳು ಒರೆಸಿ ಹೊರಗೆ ಕಟ್ಟೆಯ ಮೇಲೆ ಹಾಕಿದೆ. ಅವರು ಮತ್ತೆ ಬಾಗ್ಲಾ ಎಂದರು, ಈ ಸಲ ಗಟ್ಟಿಯಾಗಿ, ಕಣ್ಣು ಕೆಂಪು ಮಾಡಿಕೊಂಡು. ಹತ್ತಿರ ಕುಂತು ಹಚ್ಚೊಳ್ಳಿಯಲ್ಲಿ ನೋಡಿದ್ದನ್ನು ಹೇಳಿದೆ. ಟವೆಲ್ಲು, ಕತ್ತು, ಆ ಹೆಣ್ಣುಮಗಳು ಹೇಳಿದ ಮಾತು. ಪೂರಾ ಕೇಳಿದರು.

“ನಾನು ಹೊರೋದರಾಗ ನನಗೇನ್ ನಾಚಿಕಿಲ್ರೀ,” ಎಂದೆ. “ನಿಮಗ್ಯಾಕ?”

ಅವರು ಮುಖ ಗೋಡೆಗೆ ತಿರುಗಿಸಿದರು. ನಾನು ಕಾದೆ. ಕಡೆಗೆ ಎಡಗೈ ತಾನಾಗಿ ಬಂದು ನನ್ನ ಕುತ್ತಿಗೆಯನ್ನು ಬಳಸಿತು. ತಬ್ಬಿಕೊಂಡು ಲಾಭ ಎಂದು ಎದ್ದೆ. ನಡುಮನೆ ದಾಟಿದೆವು. ಎದುರು ಮನೆಯಾಕೆ ನೀರು ಹಾಕುವುದನ್ನು ನಿಲ್ಲಿಸಿ ನೋಡುತ್ತಿದ್ದಳು, ಹಾಲಿನವನು ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತಿದ್ದ. ಹೊಸ್ತಿಲ ಹತ್ತಿರ ನನಗೆ ಉಸಿರು ಸಾಲದೆ ಒಂದು ಕ್ಷಣ ನಿಂತೆ.

ನನ್ನ ಕಿವಿಯ ಹತ್ತಿರವೇ, ಬೀದಿಗೆಲ್ಲ ಕೇಳುವ ಹಾಗೆ, ಅವರು ಎರಡು ಎಂದರು.